ಆ ಬಿಸಿ ಎಲ್ಲಿಗೆ ಹೋಗ್ತೈತೆ?

ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ನನ್ನ ರೂಮಿನ ಬಾಗಿಲು ತೆಗೆದರೆ ಮೊದಲು ಮುಖಕ್ಕೆ ಹೊಡೆಯುವುದು ಬಿಸಿ, ಆಮೇಲೆ ಸದ್ದು. ಹಾಲ್‌ನಲ್ಲಿ 29 ಡಿಗ್ರಿ ಇದ್ದರೆ ರೂಮಿನಲ್ಲಿ 34. ಗೋಡೆಗೆ ಒಂದು ಸಣ್ಣ ಥರ್ಮಾಮೀಟರ್ ನೇತುಹಾಕಿ ಎರಡು ವಾರ ಬರೆದಿಟ್ಟ ಲೆಕ್ಕ ಇದು. ಹತ್ತಡಿಗೆ ಹತ್ತಡಿ ರೂಮು, ಒಂದೇ ಕಿಟಕಿ, ಸಂಜೆಯಾದರೆ ಸೊಳ್ಳೆಗೆ ಹೆದರಿ ಅದನ್ನೂ ಮುಚ್ಚಬೇಕು. ಮೇಜಿನ ಪಕ್ಕದಲ್ಲಿ ಐದು ವರ್ಷದ ಹಿಂದೆ ನಾನೇ ಜೋಡಿಸಿದ ಕಂಪ್ಯೂಟರು. ಅದರಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3080. ಆಟ ಶುರುವಾಗಿ ಹತ್ತು ನಿಮಿಷಕ್ಕೆ 83 ಡಿಗ್ರಿ ಮುಟ್ಟುತ್ತದೆ, ಫ್ಯಾನುಗಳು ಪೂರ್ತಿ ವೇಗಕ್ಕೆ ಏರುತ್ತವೆ. ಪಕ್ಕದ ರೂಮಿನಲ್ಲಿ ಮಗಳು ಮಲಗಿರುತ್ತಾಳೆ. ಹೆಂಡತಿ ಬಂದು ಏನೂ ಹೇಳದೆ ಬಾಗಿಲು ಎಳೆದುಕೊಂಡು ಹೋಗುತ್ತಾಳೆ. ಬಾಗಿಲು ಮುಚ್ಚಿದರೆ ರೂಮು ಇನ್ನೂ ಬಿಸಿಯಾಗುತ್ತದೆ.

ನನಗೆ ಆಟ ಆಡುವುದು ಇಷ್ಟ. ತಿಪಟೂರಿನ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂತ ದಿನದಿಂದ ಅದು ಹಾಗೇ ಇದೆ, ಅದಕ್ಕೊಂದು ಸಮರ್ಥನೆ ಕೊಡಬೇಕು ಅಂತ ನನಗೆ ಅನ್ನಿಸಿಲ್ಲ. ಆಟದೊಳಗೆ ಕಾಡು ಇರುತ್ತದೆ, ಮಳೆ ಇರುತ್ತದೆ, ಯಾರೋ ಒಣಗಿದ ಎಲೆಯ ಮೇಲೆ ಕಾಲಿಟ್ಟ ಸದ್ದಿರುತ್ತದೆ. ಅದನ್ನು ತಯಾರಿಸಿದವರು ಆ ಒಂದು ಸದ್ದಿಗೆ ಎಷ್ಟೋ ದಿನ ಕೂತಿರುತ್ತಾರೆ. ಅದು ನನ್ನ ಕಿವಿಗೆ ಬೀಳುವ ಮೊದಲೇ ಫ್ಯಾನಿನ ಮೊರೆತದಲ್ಲಿ ಕರಗಿಹೋಗುತ್ತದಲ್ಲ, ಆ ಬೇಸರವೇ ನನ್ನನ್ನು ವಾಟರ್ ಕೂಲಿಂಗ್, ಅಂದರೆ ಚಿಪ್ಪಿನ ಬಿಸಿಯನ್ನು ನೀರು ಸುತ್ತಿಸಿ ತೆಗೆಯುವ ವಿಧಾನದ ಕಡೆಗೆ ತಳ್ಳಿದ್ದು. ಎಂಟು ತಿಂಗಳಿಂದ ಒಂದು ಲೆಕ್ಕದ ಹಾಳೆ ಇಟ್ಟುಕೊಂಡು ತುಂಬುತ್ತಿದ್ದೇನೆ. ಆರ್‌ಟಿಎಕ್ಸ್ 5090 ಕಾರ್ಡು, ರೈಜನ್ 7 9800ಎಕ್ಸ್3ಡಿ ಪ್ರೊಸೆಸರು, ಎರಡಕ್ಕೂ ಚಿಪ್ಪಿನ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ವಾಟರ್ ಬ್ಲಾಕು, ಒಂದೇ ನೀರಿನ ಸುತ್ತು. ಕಾರ್ಡೊಂದಕ್ಕೇ ಎರಡು ಲಕ್ಷದ ಮೇಲಾಗುತ್ತದೆ. ಈ ದುಡ್ಡಿಗಾಗಿ ಮೂರು ವರ್ಷ ಬೈಕು ಬದಲಿಸಿಲ್ಲ. ಹಾಗಾಗಿ ಹಾಳೆಯ ಒಂದೊಂದು ಸಾಲನ್ನೂ ಹತ್ತು ಸಲ ಅಳಿಸಿ ಬರೆದಿದ್ದೇನೆ.

ಆದರೆ ಆ ಹಾಳೆಯನ್ನು ಬುಡಸಮೇತ ಬದಲಿಸಿದ್ದು ಅಪ್ಪ. ಕಂಪ್ಯೂಟರನ್ನು ಎಂದೂ ಮುಟ್ಟದ ಅಪ್ಪ.

ಗಾಳಿ ಎಳೆಯುವ ಸದ್ದು

ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಅಪ್ಪ ಊರಿಂದ ಬಂದು ಹತ್ತು ದಿನ ನಮ್ಮಲ್ಲಿದ್ದರು. ಮಲಗಲು ಜಾಗ ಕೊಟ್ಟಿದ್ದು ನನ್ನ ರೂಮಿನಲ್ಲೇ. ಕಣ್ಣಿಗೆ ಕಪ್ಪು ಕನ್ನಡಕ, ಟೀವಿ ನೋಡುವ ಹಾಗಿಲ್ಲ, ಓದುವ ಹಾಗಿಲ್ಲ; ಇಡೀ ದಿನ ಕಿವಿಯಲ್ಲೇ ಕಾಲ ಕಳೆಯುತ್ತಿದ್ದರು. ಎರಡನೇ ರಾತ್ರಿ ಆಫೀಸಿನ ಏನೋ ಕೆಲಸಕ್ಕೆ ನಾನು ಕಂಪ್ಯೂಟರ್ ಹಾಕಿದೆ. ಶುರುವಾಗುವಾಗ ಅದರೊಳಗಿಂದ ಗುಳುಗುಳು ಅಂತ ಒಂದು ಸಣ್ಣ ಸದ್ದು ಬರುತ್ತದೆ, ಅರ್ಧ ನಿಮಿಷ ಇದ್ದು ನಿಲ್ಲುತ್ತದೆ. ಎರಡು ವರ್ಷದಿಂದ ಕೇಳಿ ಕೇಳಿ ನನಗೆ ಅದು ಕೇಳಿಸುವುದೇ ನಿಂತಿತ್ತು. ಅಪ್ಪ ಮಲಗಿದಲ್ಲಿಂದಲೇ, "ಇದು ಗಾಳಿ ಎಳೀತಾ ಐತಲ್ಲೋ. ಒಳಗೆ ಪಂಪು ಐತಾ?" ಅಂದರು.

ಇತ್ತು. ಆ ಹಳೇ ಕಂಪ್ಯೂಟರಿನ ಪ್ರೊಸೆಸರಿಗೆ ಎಐಒ (ಆಲ್ ಇನ್ ಒನ್) ಹಾಕಿದ್ದೆ. ಪಂಪು, ಪೈಪು, ನೀರು ತಣಿಸುವ ರೇಡಿಯೇಟರ್ ಎಲ್ಲ ಕಂಪನಿಯಿಂದಲೇ ಮುಚ್ಚಿಕೊಂಡು ಬರುವ ತಯಾರಿ ಕೂಲರ್ ಅದು. ನೀರು ಹಾಕುವ ಬಾಯಿ ಇರುವುದಿಲ್ಲ. ರಬ್ಬರ್ ಪೈಪಿನ ಗೋಡೆಯ ಮೂಲಕ ವರ್ಷ ವರ್ಷ ಒಂದಿಷ್ಟು ನೀರು ಆವಿಯಾಗಿ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಗಾಳಿ ಯಾವಾಗಲೂ ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಮೇಲಿನ ಜಾಗ ಹುಡುಕುತ್ತದೆ. ರೇಡಿಯೇಟರ್ ಮೇಲಿದ್ದರೆ ಅದರ ತುದಿಯಲ್ಲಿ ಹೋಗಿ ತೆಪ್ಪಗೆ ಕೂರುತ್ತದೆ, ಏನೂ ತೊಂದರೆ ಇಲ್ಲ. ನಾನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಕೆಳಗೆ ಕೂರಿಸಿದ್ದೆ. ರೇಡಿಯೇಟರಿನ ತಲೆ ಪಂಪಿಗಿಂತ ಕೆಳಗಿತ್ತು. ಗಾಳಿಯೆಲ್ಲ ಪಂಪಿಗೇ ಬಂದು ಸೇರುತ್ತಿತ್ತು. ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಬಾವಿ ಮೇಲೆ ಮೋಟರ್ ಇಟ್ಟ ಹಾಗೆ ಇಟ್ಟಿದೀಯ" ಅಂದರು.

ಅದೊಂದು ಮಾತು ಸಾಕಾಯಿತು, ಎಲ್ಲ ನೆನಪಿಗೆ ಬಂತು. ನಮ್ಮ ತೋಟದಲ್ಲಿ ಬೋರು ಕೊರೆಸುವುದಕ್ಕೆ ಮುಂಚೆ ತೆರೆದ ಬಾವಿ ಇತ್ತು. ಬಾವಿಯ ಒಳಗೋಡೆಯ ಮೆಟ್ಟಿಲಲ್ಲಿ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಐದು ಹೆಚ್‌ಪಿ ಮೋಟರು. ತ್ರೀ ಫೇಸ್ ಕರೆಂಟು ಕೊಡುತ್ತಿದ್ದುದು ರಾತ್ರಿ. ಒಂದೊಂದು ದಿನ ಒಂದು ಗಂಟೆ, ಒಂದೊಂದು ದಿನ ಮೂರು ಗಂಟೆ. ಅಪ್ಪ ಟಾರ್ಚು ಹಿಡಿದು ಹೊರಟರೆ ನಾನೂ ಹಿಂದೆ ಹೋಗುತ್ತಿದ್ದೆ. ನನ್ನ ಕೆಲಸ ಮೇಲೆ ಶೆಡ್ಡಿನಲ್ಲಿ ಸ್ಟಾರ್ಟರಿನ ಹತ್ತಿರ ನಿಲ್ಲುವುದು. ಬಾವಿಯ ತಳದ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಇಳಿದುಹೋಗಿದ್ದರೆ ಪೈಪಿನಲ್ಲಿ ಬರೀ ಗಾಳಿ. ಹಾಗೇ ಹಾಕಿದರೆ ಮೋಟರು ತಿರುಗುತ್ತದೆ, ಸದ್ದು ಮಾತ್ರ ಹಗುರಾಗಿರುತ್ತದೆ, ತೊಟ್ಟಿಗೆ ಒಂದು ಹನಿ ಬೀಳುವುದಿಲ್ಲ. ಅಪ್ಪ ಆ ಸದ್ದಿನಲ್ಲೇ ಗುರುತು ಹಿಡಿದು "ಆರಿಸು, ಆರಿಸು" ಅಂತ ಕೂಗುತ್ತಿದ್ದರು. ಆಮೇಲೆ ಪಂಪಿನ ತಲೆಯ ಮೇಲಿನ ಬಿರಡೆ ಬಿಚ್ಚಿ ಬಿಂದಿಗೆಯಿಂದ ನೀರು ಹುಯ್ಯುವುದು. ನೀರು ಇಳಿಯುತ್ತದೆ, ಗುಳಕ್ ಅಂತ ಗುಳ್ಳೆ ಬರುತ್ತದೆ, ಮತ್ತೆ ಹುಯ್ಯುವುದು, ಮತ್ತೆ ಗುಳ್ಳೆ. ಅಪ್ಪ ಒಂದು ಕೈ ಪೈಪಿನ ಮೇಲೆ ಇಟ್ಟುಕೊಂಡು ತಟ್ಟುತ್ತಿದ್ದರು, ಅಂಟಿಕೊಂಡ ಗಾಳಿ ಬಿಡಲಿ ಅಂತ. ಕೊನೆಗೆ ಬಾಯಿತನಕ ತುಂಬಿ ನಿಂತ ನೀರು ಅಲುಗಾಡದೆ ಟಾರ್ಚಿನ ಬೆಳಕಿಗೆ ಹೊಳೆಯುತ್ತಿತ್ತು. ಆಗ ಬಿರಡೆ ಬಿಗಿದು "ಈಗ ಹಾಕು" ಅನ್ನುತ್ತಿದ್ದರು. ಹಸಿರು ಗುಂಡಿ ಒತ್ತಿದರೆ ಮೋಟರಿನ ದನಿಯೇ ಬೇರೆ, ಭಾರವಾದ ದನಿ. ಸ್ವಲ್ಪ ಹೊತ್ತಿಗೆ ತೊಟ್ಟಿಯ ಕಡೆ ನೀರು ಉಗುಳಿದ ಸದ್ದು.

ನಾನು ಹಾಳೆಯಲ್ಲಿ ಬರೆದುಕೊಂಡಿದ್ದ ಡಿ5 ಪಂಪಿಗೂ ಇದೇ ನಿಯಮ. ಸೋಲಾರ್ ಬಿಸಿನೀರಿನ ವ್ಯವಸ್ಥೆಗಳಲ್ಲೂ ಬಳಸುವ ಜಾತಿಯ ಪಂಪು ಅದು, ಮುಷ್ಟಿಯಷ್ಟು ದೊಡ್ಡದು, 12 ವೋಲ್ಟಿನಲ್ಲಿ ಓಡುತ್ತದೆ. ಅದರ ಬೇರಿಂಗಿಗೆ ಎಣ್ಣೆಯೂ ನೀರೇ, ಒಣಗಿ ತಿರುಗಿದರೆ ಸವೆಯುತ್ತದೆ. ಆದ್ದರಿಂದ ರಿಸರ್ವಾಯರ್, ಅಂದರೆ ನೀರಿನ ಸಣ್ಣ ತೊಟ್ಟಿ, ಪಂಪಿಗಿಂತ ಮೇಲಿರಬೇಕು, ಮೊದಲ ಸಲ ನೀರು ತುಂಬುವಾಗ ಎರಡು ಮೂರು ಸೆಕೆಂಡು ಮಾತ್ರ ಓಡಿಸಿ ನಿಲ್ಲಿಸಬೇಕು, ಮತ್ತೆ ಹುಯ್ಯಬೇಕು, ಕ್ಯಾಬಿನೆಟ್ ಆ ಕಡೆ ಈ ಕಡೆ ವಾಲಿಸಿ ಗುಳ್ಳೆ ಬಿಡಿಸಬೇಕು. ಈ ಕೆಲಸ ಕಲಿಸುವ ಹತ್ತಾರು ವಿಡಿಯೋ ನೋಡಿದ್ದೆ. ಹಿಂದೆಯೇ ಎಲ್ಲೋ ಮಾಡಿದ್ದೇನೆ ಅಂತ ಅನ್ನಿಸುತ್ತಿತ್ತು. ಎಲ್ಲಿ ಅಂತ ಅವತ್ತು ತಿಳಿಯಿತು.

ಎಸ್‌ಪಿ ರೋಡು, ಕಾಲಿಂಚು ಥ್ರೆಡ್ಡು

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಊರಿಗೆ ಹೊರಡುವ ಮುಂಚೆ ಒಂದು ಶನಿವಾರ ಅಪ್ಪನನ್ನು ಎಸ್‌ಪಿ ರೋಡಿಗೆ ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಟ್ಟುವವರು ಒಮ್ಮೆಯಾದರೂ ತುಳಿಯಲೇಬೇಕಾದ ರಸ್ತೆ. ಹೆಚ್ಚಿನ ಅಂಗಡಿಯವರು ವಾಟರ್ ಕೂಲಿಂಗ್ ಅಂದರೆ ಎಐಒ ಡಬ್ಬವನ್ನೇ ಎದುರಿಗಿಟ್ಟರು. ಒಬ್ಬರು ಮಾತ್ರ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬ ತೆಗೆದು, "ಸಾರ್, ಕಸ್ಟಮ್ ಲೂಪ್ ಕೇಳೋರು ವರ್ಷಕ್ಕೆ ನಾಲ್ಕು ಜನ. ಪೂರ್ತಿ ಸೆಟ್ ತರಿಸಿ ಇಡೋಕಾಗಲ್ಲ. ಫಿಟಿಂಗ್ ಇದೆ, ನೋಡಿ" ಅಂದರು. ಬಿಡಿ ಭಾಗ ತಂದು ನಾವೇ ಜೋಡಿಸಿಕೊಳ್ಳುವ ನೀರಿನ ಸುತ್ತಿಗೆ ಕಸ್ಟಮ್ ಲೂಪ್ ಅನ್ನುತ್ತಾರೆ. ನಿಕಲ್ ಲೇಪ ಹೊಡೆದ ಹಿತ್ತಾಳೆಯ ಸಣ್ಣ ಸಣ್ಣ ಫಿಟಿಂಗುಗಳು. ಅಪ್ಪ ಒಂದನ್ನು ತೆಗೆದುಕೊಂಡು ಥ್ರೆಡ್ಡಿನ ಮೇಲೆ ಉಗುರು ಆಡಿಸಿ, "ಕಾಲಿಂಚು" ಅಂದರು.

ನಿಜವಾಗಿಯೂ ಕಾಲಿಂಚು. ವಾಟರ್ ಕೂಲಿಂಗಿನ ಪಂಪು, ಬ್ಲಾಕು, ರೇಡಿಯೇಟರ್ ಎಲ್ಲಕ್ಕೂ ಇರುವುದು ಜಿ ಕಾಲು ಅನ್ನುವ ಥ್ರೆಡ್ಡು, ಅಂದರೆ ಕಾಲಿಂಚಿನ ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್). ನಮ್ಮ ಮನೆಯ ನಲ್ಲಿಗೆ ಇರುವ ಅರ್ಧ ಇಂಚಿನ ಥ್ರೆಡ್ಡಿನ ವಂಶವೇ. ಜಗತ್ತಿನ ಅತಿ ಹೊಸ ಚಿಪ್ಪು ತಣ್ಣಗಿಡುವ ವ್ಯವಸ್ಥೆ ನಿಂತಿರುವುದು ಬ್ರಿಟಿಷರ ಕಾಲದ ಪ್ಲಂಬಿಂಗ್ ಅಳತೆಯ ಮೇಲೆ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ. ಅಪ್ಪ ಕೇಳಿದ ಮುಂದಿನ ಪ್ರಶ್ನೆ, ಟೆಫ್ಲಾನ್ ಟೇಪು ಎಷ್ಟು ಸುತ್ತು ಹಾಕಬೇಕು ಅಂತ. ಹಾಕುವ ಹಾಗಿಲ್ಲ. ಇಲ್ಲಿ ಥ್ರೆಡ್ಡು ಹಿಡಿದುಕೊಳ್ಳುತ್ತದೆ ಅಷ್ಟೇ; ನೀರು ತಡೆಯುವುದು ಕುತ್ತಿಗೆಯಲ್ಲಿ ಕೂತಿರುವ ರಬ್ಬರಿನ ಓ ರಿಂಗು. ಕೈಯಲ್ಲಿ ತಿರುಗಿಸಿ ನಿಂತ ಮೇಲೆ ಒಂದು ಚೂರು ಬಿಗಿಸಿದರೆ ಸಾಕು. ಸ್ಪ್ಯಾನರ್ ಹಾಕಿ ಬಿಗಿದರೆ ರಿಂಗು ನಜ್ಜಾಗುತ್ತದೆ, ಅಕ್ರಿಲಿಕ್ ಭಾಗವಾದರೆ ಸೀಳೇ ಬಿಡುತ್ತದೆ. ಅಪ್ಪ ಆ ರಿಂಗನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, "ಪಂಪಿನ ಗ್ಲ್ಯಾಂಡಿಗೂ ಹಂಗೇ, ಜಾಸ್ತಿ ಬಿಗಿದರೆ ಕೆಡ್ತೈತೆ" ಅಂದರು.

ಪೈಪಿನ ವಿಷಯದಲ್ಲಿ ನನ್ನ ಮನಸ್ಸು ಮೊದಲಿಂದ ಗಾಜಿನಂತೆ ಕಾಣುವ ಗಟ್ಟಿ ಪೈಪಿನ ಕಡೆಗಿತ್ತು. ಬಿಸಿಗಾಳಿ ಕೊಟ್ಟು ಬಗ್ಗಿಸಿ, ತೊಂಬತ್ತು ಡಿಗ್ರಿ ಮೂಲೆ ತಿರುಗಿಸಿ, ಒಳಗೆ ಬಣ್ಣದ ನೀರು ಓಡಿಸಿದರೆ ನೋಡಲು ಅದ್ಭುತ. ಓದುತ್ತ ಓದುತ್ತ ಅದನ್ನು ಬಿಟ್ಟೆ. ಹಾಲಿನಂತೆ ಗಟ್ಟಿಯಾಗಿ ಕಾಣುವ ಬಣ್ಣದ ದ್ರವದಲ್ಲಿ ತೇಲುವ ಕಣಗಳಿರುತ್ತವೆ, ಅವು ಬ್ಲಾಕಿನ ಕೂದಲೆಳೆಯಂಥ ತಾಮ್ರದ ಸೀಳುಗಳಲ್ಲಿ ಹೋಗಿ ಕೂರುತ್ತವೆ. ಪಾರದರ್ಶಕ ಮೆತ್ತನೆ ಪೈಪಾದರೆ ಅದರ ಪ್ಲಾಸ್ಟಿಕ್ ಅಂಶ ನೀರಿಗೆ ಬಿಟ್ಟುಕೊಂಡು ಮಸುಕಾಗುತ್ತದೆ. ಕಪ್ಪು ಇಪಿಡಿಎಂ ರಬ್ಬರಿನ ಪೈಪಿಗೆ ಈ ರೋಗ ಇಲ್ಲ. ಒಳಗೆ 10 ಮಿಲಿಮೀಟರು, ಹೊರಗೆ 16. ನೋಡಲು ಕಾರಿನ ಬಾನೆಟ್ಟಿನೊಳಗಿನ ಪೈಪಿನ ಹಾಗಿರುತ್ತದೆ. ಇರಲಿ.

ನೀರು ಯಾವುದು ಅನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲಿ ಹೆಚ್ಚು ವಿವರ ಬೇಕಿಲ್ಲ. ಬೋರ್‌ವೆಲ್ ನೀರು ಗೀಸರಿನ ಕಾಯಿಲ್ಲಿಗೆ ಏನು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು; ಆ ಬಿಳಿ ಸುಣ್ಣ ಎರಡು ಲಕ್ಷದ ಕಾರ್ಡಿನ ಮೇಲೆ ಕಟ್ಟುವುದು ಬೇಡ. ಡಿಸ್ಟಿಲ್ಡ್ ವಾಟರು, ಅದಕ್ಕೆ ಪಾಚಿ ಕಟ್ಟದ ಮತ್ತು ಲೋಹ ತಿನ್ನದ ಔಷಧಿ, ಅಥವಾ ಎರಡೂ ಸೇರಿಸಿಯೇ ಬರುವ ಬಣ್ಣವಿಲ್ಲದ ಕೂಲೆಂಟು. ತಾಮ್ರ, ಹಿತ್ತಾಳೆ, ನಿಕಲ್ ಇರುವ ಸುತ್ತಿನಲ್ಲಿ ಅಲ್ಯೂಮಿನಿಯಂ ಒಂದು ತುಂಡೂ ಸೇರಬಾರದು. ಎರಡು ಲೋಹ ಒಂದೇ ನೀರಲ್ಲಿ ಕೂತರೆ ಬ್ಯಾಟರಿಯ ಹಾಗಾಗಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. (2024ರ ಮಾರ್ಚಿನಲ್ಲಿ, ನಮ್ಮ ಬಿಲ್ಡಿಂಗಿನವರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ ದಂಡ ಅಂತ ಜಲಮಂಡಳಿ ಹೇಳಿದ್ದಾಗ, ಈ ಆಸೆಯನ್ನು ಬಾಯಿಬಿಟ್ಟು ಹೇಳಲೂ ನನಗೆ ಸಂಕೋಚವಾಗಿತ್ತು. ಒಮ್ಮೆ ತುಂಬಿಸಿದರೆ ಒಂದೆರಡು ಲೀಟರು ನೀರೇ ವರ್ಷಗಟ್ಟಲೆ ಸುತ್ತುತ್ತದೆ ಎಂದು ಗೊತ್ತಿದ್ದೂ.)

ಅಪ್ಪನ ಪ್ರಶ್ನೆ

ಎಸ್‌ಪಿ ರೋಡಿನಿಂದ ವಾಪಸ್ ಬಂದ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ನನ್ನ ಹಾಳೆಯ ಚಿತ್ರ ತೋರಿಸಿದೆ. ಕ್ಯಾಬಿನೆಟ್ಟಿನ ತಲೆಯ ಮೇಲೊಂದು 360 ಮಿಲಿಮೀಟರಿನ ರೇಡಿಯೇಟರು, ಕೆಳಗೊಂದು. ನೀರು ಪಂಪಿಂದ ಕಾರ್ಡಿಗೆ, ಕಾರ್ಡಿಂದ ರೇಡಿಯೇಟರಿಗೆ, ಅಲ್ಲಿಂದ ಪ್ರೊಸೆಸರಿಗೆ, ಮತ್ತೆ ರೇಡಿಯೇಟರಿಗೆ. ಈ ಕ್ರಮವನ್ನು ನಾನು ತಿಂಗಳುಗಟ್ಟಲೆ ಬದಲಿಸಿದ್ದೆ, ಕಾರ್ಡಿನ ಬಿಸಿನೀರು ನೇರ ಪ್ರೊಸೆಸರಿಗೆ ಹೋಗಬಾರದು ಅಂತ. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4,186 ಜೂಲ್ ಬೇಕು. ಪಂಪು ನಿಮಿಷಕ್ಕೆ 4 ಲೀಟರ್ ಸುತ್ತಿಸಿದರೆ, 600 ವ್ಯಾಟ್ ಬಿಸಿ ತಗುಲಿದರೂ ನೀರು ಏರುವುದು ಎರಡು ಡಿಗ್ರಿ ಚಿಲ್ಲರೆ. ಇಡೀ ಸುತ್ತಿನ ನೀರು ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಪೈಪು ಸಲೀಸಾಗಿ ಹೋಗುವ ದಾರಿಯೇ ಸರಿಯಾದ ದಾರಿ. ಇದನ್ನು ನಾನು ಬಹಳ ಹುರುಪಿನಿಂದ ವಿವರಿಸಿದೆ. ಅಪ್ಪ ಮುದ್ದೆ ಮುರಿಯುತ್ತ ಕೇಳಿಸಿಕೊಂಡು, "ಅಲ್ಲ ಕಣಪ್ಪ, ನೀರು ಸುತ್ತುತ್ತೆ, ಸರಿ. ಆ ಬಿಸಿ ಎಲ್ಲಿಗೆ ಹೋಗ್ತೈತೆ?" ಅಂದರು.

ರೇಡಿಯೇಟರಿಗೆ ಅಂದೆ. ಅಲ್ಲಿಂದ? ಗಾಳಿಗೆ ಅಂದೆ. ಯಾವ ಗಾಳಿಗೆ?

ರೂಮಿನ ಗಾಳಿಗೆ. ಆ ಮಾತು ಬಾಯಿಂದ ಬರುವಾಗಲೇ ನನ್ನ ಎಂಟು ತಿಂಗಳ ಹಾಳೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ಕಾಣಿಸಿತು. 3080 ಕಾರ್ಡು 320 ವ್ಯಾಟಿನದು. 5090 ಕಾರ್ಡಿನ ಮಿತಿ 575. ಅದಕ್ಕೆ ಪ್ರೊಸೆಸರು, ಪಂಪು, ಮಿಕ್ಕಿದ್ದೆಲ್ಲ ಸೇರಿದರೆ 700 ವ್ಯಾಟ್ ಇಟ್ಟುಕೊಳ್ಳೋಣ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಿಸಿ ಬಿಡುತ್ತದೆ. ಅಂದರೆ ಆ ರೂಮಿನಲ್ಲಿ ನನ್ನ ಜೊತೆ ಇನ್ನೂ ಏಳು ಜನ ಕೂತ ಹಾಗೆ. ಅಷ್ಟು ಚಿಕ್ಕ ರೂಮಿನಲ್ಲಿರುವ ಗಾಳಿ ತೂಗಿದರೆ ಮೂವತ್ತು ಕಿಲೋ. ಗೋಡೆ, ಮಂಚ, ಹಾಸಿಗೆ ಹೀರಿಕೊಳ್ಳದೇ ಹೋದರೆ 700 ವ್ಯಾಟಿಗೆ ಅದು ನಿಮಿಷಕ್ಕೆ ಒಂದು ಡಿಗ್ರಿಗಿಂತ ಹೆಚ್ಚೇ ಕಾಯುತ್ತದೆ. ನೀರು ಎಷ್ಟೇ ಚೆನ್ನಾಗಿ ಸುತ್ತಿದರೂ ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ರೂಮು 36 ಆದರೆ ನೀರು 46, ಚಿಪ್ಪು ಅದಕ್ಕಿಂತ ಮೇಲೆ, ಫ್ಯಾನು ಮತ್ತೆ ಜೋರು. ವಾಟರ್ ಕೂಲಿಂಗು ಬಿಸಿಯನ್ನು ಚಿಪ್ಪಿನಿಂದ ಎತ್ತಿ ಎರಡಡಿ ಆಚೆ ಇಡುತ್ತದೆ. ನಾನು ಆ ಎರಡಡಿಗೆ ನಾಲ್ಕು ಲಕ್ಷದ ಲೆಕ್ಕ ಬರೆದಿದ್ದೆ, ಅಲ್ಲಿಂದ ಮುಂದಕ್ಕೆ ಏನೂ ಬರೆದಿರಲಿಲ್ಲ.

ಎಸಿ ಹಾಕಿಸಬಹುದು. ಆದರೆ ಒಂದು ಯಂತ್ರ ಬಿಟ್ಟ ಬಿಸಿಯನ್ನು ಎತ್ತಿ ಹೊರಗೆ ಹಾಕಲು ಇನ್ನೊಂದು ಯಂತ್ರ, ಅದಕ್ಕೆ ಮತ್ತೆ ಕರೆಂಟು, ಅದರದ್ದೇ ಸದ್ದು. ಸದ್ದಿಲ್ಲದ ರೂಮು ಬೇಕು ಅಂತ ಹೊರಟವನಿಗೆ ಇದು ಸರಿಹೋಗಲಿಲ್ಲ. ಅಪ್ಪನೇ, "ಎರಡು ಪೈಪು ಆಚೆ ತಗೊಂಡು ಹೋಗೋಕೆ ಏನು ಕಷ್ಟ? ನಾವು ನೀರನ್ನು ಒಂದು ಮೈಲಿ ತಗೊಂಡು ಹೋಗ್ತಿರಲಿಲ್ವಾ" ಅಂದರು.

ಯುಟಿಲಿಟಿಯ ಗೋಡೆ

ಹಾಗೆ ಮಾಡುವವರು ಇದ್ದಾರೆ. ಕ್ಯಾಬಿನೆಟ್ಟಿನ ಹೊರಗೇ ಇಡಲು ದೊಡ್ಡ ರೇಡಿಯೇಟರುಗಳು ಬರುತ್ತವೆ. ಜರ್ಮನಿಯ ವಾಟರ್‌ಕೂಲ್ ಕಂಪನಿಯ ಮೋರಾ 420 ಅದರಲ್ಲಿ ಹೆಸರುವಾಸಿ, ಒಂದೇ ತಟ್ಟೆಯಲ್ಲಿ 140 ಮಿಲಿಮೀಟರಿನ ಒಂಬತ್ತು ಫ್ಯಾನು ಕೂರುತ್ತವೆ. ಅಷ್ಟು ಅಗಲ ಸಿಕ್ಕರೆ ಫ್ಯಾನು ನಿಧಾನವಾಗಿ ತಿರುಗಿದರೂ ಸಾಕು. ಪೈಪಿನ ತುದಿಗೆ ಕ್ವಿಕ್ ಡಿಸ್‌ಕನೆಕ್ಟ್ ಕಪ್ಲಿಂಗು ಹಾಕಿದರೆ ಎಳೆದ ಕೂಡಲೇ ಎರಡೂ ಕಡೆ ಬಾಯಿ ಮುಚ್ಚಿಕೊಳ್ಳುತ್ತದೆ, ನೆಲಕ್ಕೆ ಒಂದೆರಡು ಹನಿ ಬಿದ್ದರೆ ಹೆಚ್ಚು. ಕಂಪ್ಯೂಟರ್ ಬಿಚ್ಚಿ ತೊಳೆಯಬೇಕಾದಾಗ ರೇಡಿಯೇಟರನ್ನು ಅಲ್ಲೇ ಬಿಟ್ಟು ಬರಬಹುದು.

ನಮ್ಮದು ಬಾಡಿಗೆ ಮನೆ, ಮೂರನೇ ಮಹಡಿ. ನನ್ನ ರೂಮಿನ ಗೋಡೆಯ ಆಚೆಗೇ ಯುಟಿಲಿಟಿ: ವಾಷಿಂಗ್ ಮಷೀನು, ಪಾತ್ರೆ ತೊಳೆಯುವ ಸಿಂಕು, ಪಾರಿವಾಳಕ್ಕೆ ಕಟ್ಟಿದ ಬಲೆ. ಮಳೆ ಇರಚಲು ಬರುತ್ತದೆ, ಆದರೆ ವಾಷಿಂಗ್ ಮಷೀನಿನ ಮೇಲಿನ ಗೋಡೆ ಒಣಗಿರುತ್ತದೆ. ಮಧ್ಯಾಹ್ನದ ಬಿಸಿಲೂ ಅಲ್ಲಿಗೆ ತಲುಪುವುದಿಲ್ಲ. ಧೂಳು ಕೂರುತ್ತದೆ, ತಿಂಗಳಿಗೊಮ್ಮೆ ಒರೆಸಬೇಕು. ಮೂಲೆಯಲ್ಲಿರುವ ಅಡುಗೆಮನೆಯ ಎಕ್ಸಾಸ್ಟಿನ ಎಣ್ಣೆ ಜಿಡ್ಡೇ ದೊಡ್ಡ ಚಿಂತೆ, ಅದಕ್ಕೆ ನಡುವೆ ಒಂದು ತಗಡು ಅಡ್ಡ ಇಡಬೇಕಾದೀತು. ಏಪ್ರಿಲ್ ರಾತ್ರಿ ಹನ್ನೊಂದಕ್ಕೆ ಅಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. 26.

ಅಂದಿನಿಂದ ಹಾಳೆಯ ಹಲವು ಸಾಲುಗಳು ತಾವಾಗಿಯೇ ಬಿದ್ದುಹೋದವು. ಒಳಗಿನ ಎರಡು ರೇಡಿಯೇಟರ್ ಹೋಯಿತು. ಅವುಗಳಿಗಾಗಿಯೇ ಆರಿಸಿದ್ದ ದೈತ್ಯ ಕ್ಯಾಬಿನೆಟ್ಟೂ ಹೋಯಿತು, ಅದರ ಅರ್ಧದಷ್ಟು ಸಾಕು. ಕಾರ್ಡಿನ ಪವರ್ ಲಿಮಿಟನ್ನು 450 ವ್ಯಾಟಿಗೆ ಇಳಿಸಿ ಓಡಿಸುವುದು ಅಂತ ತೀರ್ಮಾನಿಸಿದ್ದೇನೆ. ಕೊನೆಯ 125 ವ್ಯಾಟಿಗೆ ಸಿಗುವ ಫ್ರೇಮುಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಕೆಲವೇ ಕೆಲವು, ಹುಟ್ಟುವ ಬಿಸಿ ಪೂರ್ತಿ 125 ವ್ಯಾಟಿನದು. ಯುಪಿಎಸ್ ಸಾಲು ಉಳಿದಿದೆ. ಮನೆಯ ಹಳೇ ಇನ್ವರ್ಟರಿನ ಚೌಕ ಅಲೆಯ ಕರೆಂಟು ಈಗಿನ ಕಂಪ್ಯೂಟರುಗಳಿಗೆ ಕರೆಂಟು ಪೂರೈಸುವ ಒಳ್ಳೆ ಎಸ್‌ಎಂಪಿಎಸ್‌ಗಳಿಗೆ ಆಗಿಬರುವುದಿಲ್ಲ, ನಯವಾದ ಅಲೆ, ಅಂದರೆ ಸೈನ್ ವೇವ್ ಕೊಡುವುದೇ ಬೇಕು. ಲೀಕ್ ಪರೀಕ್ಷೆಗೆ ಕೈಪಂಪು, ಮೀಟರು ಇರುವ ಒಂದು ಸಾಧನ ಸೇರಿಸಿದೆ. ನೀರು ಹಾಕುವ ಮೊದಲು ಪೈಪಿಗೆ ಅರ್ಧ ಬಾರ್ ಒತ್ತಡದಲ್ಲಿ ಗಾಳಿ ತುಂಬಿಸಿ ಬಿಡುವುದು, ಮುಳ್ಳು ಕೆಳಗಿಳಿಯದೆ ನಿಂತರೆ ಎಲ್ಲ ಸಂದೂ ಭದ್ರ. ಅದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಖುಷಿಪಟ್ಟರು.

ಉಳಿದಿದ್ದು ಗೋಡೆ. ಬಾಡಿಗೆ ಮನೆಯ ಗೋಡೆ ಕೊರೆಯುವುದು ಹೇಗೆ ಎಂದು ಓನರ್ ಅಂಕಲ್‌ಗೆ ಕೇಳಲು ಹೋದೆ. ಅವರು ಎದ್ದು ನನ್ನ ಜೊತೆಗೇ ಮೇಲೆ ಬಂದು, ರೂಮಿನ ಕಪಾಟಿನ ಪಕ್ಕಕ್ಕೆ ಬೆರಳು ತೋರಿಸಿ, "ಹಿಂದೆ ಇದ್ದವರು ಎಸಿ ಹಾಕಿಸಿದ್ರು, ಅಲ್ಲೇ ತೂತು ಇರಬೇಕು ನೋಡಪ್ಪ. ಹೊಸದಾಗಿ ಕೊರೀಬೇಡ" ಅಂದರು. ಕ್ಯಾಲೆಂಡರಿನ ಹಿಂದೆ, ಸುಣ್ಣದ ತೆಳು ಪದರದ ಕೆಳಗೆ ದುಂಡಗಿನ ಗೆರೆ ಇತ್ತು. ಭಾನುವಾರ ಬೆಳಿಗ್ಗೆ ಚಾಕುವಿನ ತುದಿಯಿಂದ ಕೆರೆದೆ. ಒಳಗೆ ತುರುಕಿದ್ದ ಹಳೇ ಪೇಪರು ಮುದ್ದೆ ಮುದ್ದೆಯಾಗಿ ಬಂತು, ಕೊನೆಯ ಮುದ್ದೆ ಎಳೆದಾಗ ಆಚೆ ಕಡೆಯ ಬೆಳಕು ಬಂತು, ಜೊತೆಗೇ ಗಾಳಿ. ತೂತಿನ ಅಗಲ 65 ಮಿಲಿಮೀಟರ್. 16ರ ಎರಡು ಪೈಪು, ಫ್ಯಾನಿನ ಒಂದು ವೈರು. ಕಪ್ಲಿಂಗುಗಳನ್ನು ಒಂದಾದ ಮೇಲೊಂದು ತೂರಿಸಿದರೆ ಅವೂ ಹೋಗುತ್ತವೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ತೂತು ಆಚೆ ಕಡೆಗೆ ಇಳಿಜಾರಾಗಿದೆಯಾ ನೋಡು ಅಂದರು, ಇಲ್ಲದಿದ್ದರೆ ಮಳೆನೀರು ಪೈಪು ಹಿಡಿದುಕೊಂಡು ಒಳಗೆ ಬರುತ್ತದೆ. ಒಂದು ಗೋಲಿ ಇಟ್ಟು ನೋಡಿದೆ, ಮಗಳದ್ದು. ಅದು ಆಚೆಗೆ ಉರುಳಿ ವಾಷಿಂಗ್ ಮಷೀನಿನ ಮೇಲೆ ಬಿತ್ತು.

ಆಮೇಲೆ ಮೇಜಿನಿಂದ ರೇಡಿಯೇಟರಿನ ಜಾಗದವರೆಗೆ ಹುರಿ ಹಿಡಿದು, ಹುರಿಯನ್ನು ಟೇಪಿಗೆ ಇಟ್ಟು ಅಳೆದೆ. ಮೂರು ಮೀಟರ್ ಇಪ್ಪತ್ತು. ಹೋಗಲು ಬರಲು ಎರಡು ಪೈಪಿಗೆ ಆರು ಮೀಟರ್ ನಲವತ್ತು, ಅದರೊಳಗೆ ನಿಲ್ಲುವ ನೀರೇ ಅರ್ಧ ಲೀಟರು. ಹಾಳೆಯಲ್ಲಿ ಪೈಪಿನ ಮುಂದೆ ಎರಡು ಮೀಟರ್ ಅಂತ ಇದ್ದುದನ್ನು ಹೊಡೆದು ಏಳು ಅಂತ ಬರೆದೆ, ಕೂಲೆಂಟು ಒಂದು ಬಾಟ್ಲಿ ಇದ್ದುದನ್ನು ಎರಡು ಮಾಡಿದೆ.